ನಾಲ್ಕು ವಾರದ ಖಾಲಿ ತೊಟ್ಟಿಲು

ಖಾಲಿ ತೊಟ್ಟಿಲನ್ನು ಮನೆಯಿಂದ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಗಿರಾಕಿ ಬಂದು ಒಯ್ಯುವಾಗ ಅದರೊಳಗೆ ಒಂದು ಗುಂಡುಕಲ್ಲು, ಅಂದರೆ ಅರೆಯುವ ಕಲ್ಲು, ಇಟ್ಟೇ ಕೊಡುತ್ತೇವೆ. ಹೆಸರಿಡುವ ದಿನವೂ ಹೆಂಗಸರು ಮೊದಲು ಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಹಾಕುತ್ತಾರೆ. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಆಗಿಬರುವುದಿಲ್ಲ ಎಂಬುದು ಗೋಕಾಕದ ನಮ್ಮ ಓಣಿಯಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಅಂಥಾದ್ದರಲ್ಲಿ ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬ ಪಾಸ್ಟರು ನನ್ನ ಕಟ್ಟೆಯ ಮೇಲೆ ಬಂದು ಕೂತು, ತೊಟ್ಟಿಲು ಬೇಕು, ಆದರೆ ಅದು ನಾಲ್ಕು ವಾರ ಖಾಲಿಯೇ ಇರಬೇಕು ಎಂದರು.

ನಾವು ಕಟ್ಟಿಗೆಯ ಗೊಂಬೆ ಮಾಡುವ ಚಿತ್ರಗಾರರ ಮನೆತನದವರು. ಗೌರಿ, ಗಿಳಿ, ಹಣ್ಣಿನ ಬುಟ್ಟಿ, ತೊಟ್ಟಿಲು, ಎಲ್ಲ ಮಾಡುತ್ತೇವೆ. ಪಾಸ್ಟರು ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು. ಕಣಗಲಾದ ಆಚೆ, ಹೆದ್ದಾರಿಯ ಬದಿಯ ಒಂದು ಸಣ್ಣ ಕಲ್ಲಿನ ಚರ್ಚಿಗೆ ಆ ವರ್ಷವೇ ಬಂದಿದ್ದರು.

“ಕೂಸಿನ ಗೊಂಬಿ ಬ್ಯಾಡೇನ್ರಿ?” ಎಂದು ಕೇಳಿದೆ.

“ಬೇಕ್ರಿ. ಆದ್ರ ಅದನ್ನ ಕ್ರಿಸ್ಮಸ್ ಹಿಂದಿನ ಸಂಜೀಕ ತರ್ರಿ. ತೊಟ್ಟಲಾ ಮಾತ್ರ ಮೊದಲ ಬೇಕು.”

“ಅಲ್ರೀ, ಕೂಸಿಲ್ಲದ ತೊಟ್ಟಲಾ ಕಟ್ಟಿ ನಾಲ್ಕು ವಾರ ಏನ ನೋಡ್ತೀರಿ?”

“ಅದನ್ನ ನೋಡೂದರೀ. ಖಾಲಿ ಐತಿ ಅನ್ನೂದನ್ನ.”

ಈ ಮನುಷ್ಯನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದುಕೊಂಡೆ. ಅವರು ನಗುತ್ತಲೇ ತಿಳಿಸಿ ಹೇಳಿದರು. ಕ್ರಿಸ್ಮಸ್ಸಿಗೂ ಮುಂಚಿನ ನಾಲ್ಕು ಭಾನುವಾರಗಳಿಗೆ ಆಗಮನ ಕಾಲ ಎನ್ನುತ್ತಾರಂತೆ. ಚರ್ಚಿನ ವರ್ಷ ಶುರುವಾಗುವುದು ಜನವರಿಯಲ್ಲಿ ಅಲ್ಲ, ಅಲ್ಲಿಂದ. ಮೇಜಿನ ಮೇಲೆ ನೇರಳೆ ಬಟ್ಟೆ ಹಾಸುತ್ತಾರೆ, ಹೂವು ಇಡುವುದಿಲ್ಲ, ಮದುವೆ ಮಾಡುವುದಿಲ್ಲ, ಭಾನುವಾರಕ್ಕೊಂದರಂತೆ ಮೇಣದ ಬತ್ತಿ ಹೆಚ್ಚಿಸುತ್ತ ಹೋಗುತ್ತಾರೆ. ಕೂಸಾಗಿ ಒಮ್ಮೆ ಬಂದವನು ಇನ್ನೊಮ್ಮೆ ಬರುತ್ತಾನೆ, ಯಾವ ಗಳಿಗೆಯಲ್ಲೋ ಗೊತ್ತಿಲ್ಲ, ಅದಕ್ಕೆ ಎಚ್ಚರ ಇರಬೇಕು. ಇಷ್ಟು ಅವರು ಹೇಳಿದ್ದರ ಸಾರ.

“ಬೀಗರು ಬರ್ತಾರಂದ್ರ ಕಸಾ ಹೊಡದು, ಹಾಸಿಗಿ ಹಾಸಿ, ಬಾಗಲದಾಗ ನಿಂತಿರ್ತೀವಲ್ರಿ? ಇದು ಅದ. ಅವರು ಬರೂಕಿಂತ ಮೊದಲ ನಾವು ಊಟಕ್ಕ ಕುಂತ್ರ ಹೆಂಗ?”

ಮಾತೇನೋ ಸರಿ ಇತ್ತು. ಆದರೂ ಕಲ್ಲಿನ ವಿಷಯ ನಾನು ಬಿಡಲಿಲ್ಲ. ಕಲ್ಲು ಇಟ್ಟರೆ ಖಾಲಿ ಹೇಗಾಯಿತು ಎಂದು ಅವರು, ಕಲ್ಲಿಲ್ಲದೆ ತೊಟ್ಟಿಲು ನನ್ನ ಹೊಸ್ತಿಲು ದಾಟುವುದಿಲ್ಲ ಎಂದು ನಾನು. ಚಹಾ ತಣ್ಣಗಾಯಿತು, ಇನ್ನೊಂದು ಬಂತು. ಕೊನೆಗೆ ಚರ್ಚಿನಲ್ಲಿ ಕಟ್ಟುವವರೆಗೆ ಕಲ್ಲು ಇರಲಿ, ಅಲ್ಲಿಂದ ನಾನೇ ಹೊತ್ತುಕೊಂಡು ವಾಪಸು ಬರುತ್ತೇನೆ ಎಂಬಲ್ಲಿಗೆ ರಾಜಿ ಆಯಿತು. ಆರು ಸೇರು ತೂಗುವ ಕಲ್ಲನ್ನು ಬಸ್ಸಿನಲ್ಲಿ ತಿರುಗಿ ತರುವ ಕರ್ಮ ನನ್ನದು ಎಂದು ಹೆಂಡತಿ ನಕ್ಕಳು.

ತೊಟ್ಟಿಲನ್ನು ಸಾಗವಾನಿಯಲ್ಲಿ ಮಾಡಿದೆ. ತೂಗುವ ತೊಟ್ಟಿಲಿನ ಮುಖ್ಯ ಕೆಲಸ ಬಣ್ಣವಲ್ಲ, ಸಮತೋಲ. ನಾಲ್ಕು ಮೂಲೆಯ ಸರಪಳಿ ಹಾಕಿ ನೇತುಬಿಟ್ಟು, ಒಳಗೆ ಒಂದು ತಟ್ಟೆಯಲ್ಲಿ ನೀರು ಇಟ್ಟು ನೋಡುತ್ತೇನೆ. ನೀರು ಯಾವ ಕಡೆ ವಾಲಿತೋ ಆ ಕಡೆಯ ಪಟ್ಟಿಯನ್ನು ಕೂದಲೆಳೆಯಷ್ಟು ಹೆರೆಯುತ್ತೇನೆ. ಇದಕ್ಕೆ ತಾಳ್ಮೆ ಬೇಕು, ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಈ ಒಂದು ಕೆಲಸದಲ್ಲಿ ಮಾತ್ರ ಬರುವುದಿಲ್ಲ. ಕೂಸಿನ ಗೊಂಬೆಯನ್ನು ಹಗುರಾದ ಹಾಲವಾಣದ ಕಟ್ಟಿಗೆಯಲ್ಲಿ ಕೆತ್ತಿ, ಹುಣಸೆಬೀಜದ ಅಂಟಿಗೆ ಕಟ್ಟಿಗೆಯ ಹೊಟ್ಟು ಕಲಸಿ ಕೈಕಾಲಿನ ಉಬ್ಬು ತುಂಬಿ ಒಣಗಲು ಇಟ್ಟೆ. ನಮ್ಮಲ್ಲಿ ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ, ಕೊಡುವ ದಿನ.

ಮೊದಲ ಆಗಮನ ಭಾನುವಾರದ ಹಿಂದಿನ ದಿನ ತೊಟ್ಟಿಲು ಒಯ್ದೆ. ಚರ್ಚಿನ ನಡುತೊಲೆಗೆ ಹಳೆಯ ಕಾಲದಲ್ಲಿ ದೀಪ ನೇತುಹಾಕುತ್ತಿದ್ದ ಕಬ್ಬಿಣದ ಬಳೆ ಇತ್ತು. ಅದಕ್ಕೇ ಸರಪಳಿ ಹಾಕಿದೆ. ಚರ್ಚಿನ ಕಸ ಗುಡಿಸಿ ದೀಪ ನೋಡಿಕೊಳ್ಳುವ ಮುದುಕಿಯೊಬ್ಬಳು ಕೆಳಗೆ ನಿಂತು ಏಣಿ ಹಿಡಿದಿದ್ದಳು. ಹಿಂದೆ ಕುರಿ ಕಾಯ್ದುಕೊಂಡಿದ್ದ ಮನೆತನ, ಅಜ್ಜನ ಕಾಲಕ್ಕೆ ಕ್ರೈಸ್ತರಾದವರು. ನಾನು ಕಲ್ಲನ್ನು ತೆಗೆದು ಚೀಲಕ್ಕೆ ಹಾಕಿದ್ದೇ ತಡ, ಏಣಿ ಬಿಟ್ಟು ಎದೆಗೆ ಕೈ ಹಚ್ಚಿಕೊಂಡಳು.

“ಯಪ್ಪಾ, ಕಲ್ಲ ಯಾಕ ತಗದಿ? ಮನ್ಯಾಗ ಬಸುರ ಹೆಣ್ಣಮಗಳು ಅದಾಳ.”

“ನಿಮ್ಮ ಪಾಸ್ಟರ್ ಬ್ಯಾಡ ಅಂದಾರ, ಯವ್ವಾ. ಅವರನ್ನ ಕೇಳ.”

ಬಸುರಿ ಅವಳ ಸೊಸೆ, ದಿನ ತುಂಬುತ್ತ ಬಂದಿತ್ತು. ಬಾಗಿಲಲ್ಲೇ ನಿಂತಿದ್ದಳು. ತುಕ್ಕಾನಟ್ಟಿ ಅವಳ ತವರು. ಎರಡು ಹೆರಿಗೆ ಅಲ್ಲೇ ಆಗಿ, ಎರಡೂ ಹೆಣ್ಣುಕೂಸು, ಎರಡೂ ಉಳಿದಿರಲಿಲ್ಲ. ಈ ಸಲ ತವರಿಗೆ ಕಳಿಸದೆ ಅತ್ತೆ ತನ್ನ ಕಣ್ಣೆದುರಿಗೇ ಇಟ್ಟುಕೊಂಡಿದ್ದಳು. ಇದೂ ಹೋದರೆ ಸೊಸೆ ಉಳಿಯುವುದಿಲ್ಲ ಎಂಬ ಭಯ ಮುದುಕಿಗಿತ್ತು, ಅದನ್ನು ಅವಳು ನನ್ನ ಕಿವಿಯಲ್ಲಿ ಹೇಳಿಯೂ ಬಿಟ್ಟಳು. ಸೊಸೆ ಮಾತ್ರ ಹೆದರಿದ ಹಾಗೆ ಕಾಣಲಿಲ್ಲ. ತೊಟ್ಟಿಲ ಕೆಳಗೆ ಬಂದು ನಿಂತು ಮೇಲೆ ನೋಡಿದಳು.

“ಕಾಕಾ, ಇದು ಯಾರಿಗ್ರಿ?”

“ಬರೋವರಿಗೆ, ತಂಗಿ.”

“ಬಂದು ಹೋದವರಿಗೆ ಇಲ್ಲೇನ್ರಿ?”

ಕೇಳಿಸದವನಂತೆ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿದೆ. ಬಸ್ಸಿನಲ್ಲಿ ಕಲ್ಲು ತೊಡೆಯ ಮೇಲಿತ್ತು, ಮನಸ್ಸೂ ಅಷ್ಟೇ ಭಾರವಾಗಿತ್ತು.

ಎರಡನೆಯ ಭಾನುವಾರ ಕಳೆದು ಸ್ವಲ್ಪ ದಿನಕ್ಕೆ ಎಸ್‌ಟಿಡಿ ಬೂತಿನವನು ನನ್ನನ್ನು ಕೂಗಿ ಕರೆದ. ಫೋನಿನಲ್ಲಿ ಪಾಸ್ಟರು.

“ಚಿತ್ರಗಾರ್ರ, ಒಮ್ಮಿ ಬಂದು ಹೋಗ್ರಿ. ನಿಮ್ಮ ತೊಟ್ಟಲಾ ತಾನ ತೂಗಾಕತ್ತೈತಿ.”

“ತಾನ ತೂಗೂದಂದ್ರ?”

“ಹೊತ್ತು ಮುಳಗೂ ಮುಂದ. ದಿನಾ.”

ನನಗೆ ಉರಿದುಹೋಯಿತು. ನಮ್ಮಪ್ಪನ ಕಾಲದಿಂದ ಎಷ್ಟು ತೊಟ್ಟಿಲು ಕಟ್ಟಿಲ್ಲ, ಒಂದೂ ವಾಲಿದ್ದಿಲ್ಲ. ಗಾಳಿಗೋ ಹೆದ್ದಾರಿಯ ಲಾರಿಗೋ ಅಲುಗಿದ್ದಕ್ಕೆ ನನ್ನ ಕೈಗೆ ಹೆಸರು ಇಡುವುದೇ? ಮರುದಿನವೇ ಹತಾರ ಕಟ್ಟಿಕೊಂಡು ಹೊರಟೆ.

ಊರವರು ಸಂಜೆಯ ಪ್ರಾರ್ಥನೆಗೆ ಬರುವುದನ್ನು ಬಿಟ್ಟಿದ್ದರು. ತೀರಿಹೋದ ಹಳೆಯ ಪಾಸ್ಟರು ತೂಗುತ್ತಾರೆ ಎಂದು ಕೆಲವರು, ಬರಬೇಕಾದವನು ಹತ್ತಿರ ಬಂದ ಗುರುತು ಎಂದು ಕೆಲವರು. ನಾನು ಇಂಥದ್ದಕ್ಕೆಲ್ಲ ಕಿವಿಗೊಡದೆ ಏಣಿ ಹಾಕಿದೆ. ಬಳೆ ಗಟ್ಟಿಯಾಗಿತ್ತು, ಸರಪಳಿ ಸವೆದಿರಲಿಲ್ಲ. ನೀರಿನ ತಟ್ಟೆ ಇಟ್ಟು ನೋಡಿದೆ, ತೊಟ್ಟಿಲು ಸಮ. ತೊಲೆಯ ಮೇಲೆ ಇಲಿಯ ಹಿಕ್ಕೆ ಸಹ ಇರಲಿಲ್ಲ. ಹೆಂಚಿನ ಸಂದಿಗೆ ಬಟ್ಟೆ ತುರುಕಿದೆ, ಕಿಟಕಿಗಳನ್ನೆಲ್ಲ ಹಾಕಿದೆ. ಹೆದ್ದಾರಿ ಅಗಲ ಮಾಡುವ ಕೆಲಸ ಆಗಷ್ಟೇ ಶುರುವಾಗಿ ರೋಲರು ಓಡಾಡುತ್ತಿದ್ದವು, ಅವುಗಳ ಅದುರು ಇದ್ದೀತು ಎಂದು ಅದನ್ನೂ ಪರೀಕ್ಷೆ ಮಾಡಲು ನಿರ್ಧರಿಸಿದೆ. ಅದೇ ತೊಲೆಗೆ, ತೊಟ್ಟಿಲ ಬಾಜೂಕ್ಕೆ, ಗೋಡೆ ನೆಟ್ಟಗಿದೆಯೋ ನೋಡಲು ಗವಂಡಿಗಳು ಬಿಡುತ್ತಾರಲ್ಲ, ಅಂಥ ದಾರದ ತೂಗುಗುಂಡನ್ನು ಇಳಿಬಿಟ್ಟೆ. ತೊಲೆ ಅದುರಿದರೆ ತೊಟ್ಟಿಲಿಗಿಂತ ಮೊದಲು ಗುಂಡು ಅಲುಗಬೇಕು. ಇದರಲ್ಲಿ ತಪ್ಪುವ ಮಾತೇ ಇಲ್ಲ.

ಮಧ್ಯಾಹ್ನವೆಲ್ಲ ಕೂತೆ. ರೋಲರು ಬಂತು, ಹೋಯಿತು. ತೊಟ್ಟಿಲೂ ಅಲುಗಲಿಲ್ಲ, ಗುಂಡೂ ಅಲುಗಲಿಲ್ಲ. ನನಗೆ ಗೆದ್ದ ಖುಷಿ. “ನೋಡ್ರಿ ಅಯ್ಯಾವರ, ಗಾಳಿ ಆಟ ಇದು,” ಎಂದು ಪಾಸ್ಟರನ್ನು ಕಿಚಾಯಿಸಿದೆ. ರೋಲರಿನವರು ಕೆಲಸ ಬಿಟ್ಟು ಹೋದರು. ಪಡುವಣದ ಕಿಟಕಿಯ ಗಾಜಿನಿಂದ ಬಿಸಿಲು ನೇರಳೆ ಬಟ್ಟೆಯ ಮೇಲೆ ಬಿದ್ದು ಕರಗುತ್ತ ಬಂತು. ಆಗ ಸೊಸೆ ಒಳಗೆ ಬಂದು ಹಿಂದಿನ ಬೆಂಚಿನ ಮೇಲೆ ಕೂತಳು. ಅತ್ತೆ ಬಾಗಿಲ ಹೊರಗೇ ನಿಂತಳು.

ತೊಟ್ಟಿಲು ತೂಗಿತು.

ಗಾಳಿಗೆ ಅಲುಗುವ ವಸ್ತು ಹೇಗೆ ಅಲುಗುತ್ತದೆ ಎಂದು ನನಗೆ ಗೊತ್ತು, ಅದು ಒಂದಿಷ್ಟು ತಿರುಗುತ್ತದೆ, ಅಡ್ಡಾದಿಡ್ಡಿ ಹೋಗುತ್ತದೆ. ಇದು ಹಾಗಲ್ಲ. ತಾಯಿ ಹಗ್ಗ ಹಿಡಿದು ಎಳೆದುಬಿಟ್ಟ ಹಾಗೆ, ಒಂದು ಎಳೆತ, ಒಂದು ಬಿಡುವು, ಮತ್ತೊಂದು ಎಳೆತ. ಸರಪಳಿ ಕಿರ್ ಅನ್ನುತ್ತಿತ್ತು. ಪಕ್ಕದಲ್ಲೇ ನನ್ನ ತೂಗುಗುಂಡು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ನಾನು ಗುಂಡನ್ನು ನೋಡಿದೆ, ತೊಟ್ಟಿಲನ್ನು ನೋಡಿದೆ, ಮತ್ತೆ ಗುಂಡನ್ನು ನೋಡಿದೆ. ಓಡಿಹೋಗಬೇಕು ಅನ್ನಿಸಿತು.

“ಕಾಕಾ, ಅದು ತೂಗಿದಾಗೆಲ್ಲಾ ನನ್ನ ಹೊಟ್ಯಾಗ ಕೂಸು ಹೊರಳತೈತ್ರಿ,” ಎಂದಳು ಸೊಸೆ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನಗುತ್ತ.

ಅತ್ತೆಗೆ ಅದು ಕೇಳಿಸಿತು. “ಏ ಪಾಸ್ಟರ್, ಇಳಸ್ರಿ ಅದನ್ನ! ಇದನ್ನೂ ತಿನ್ನಾಕ ಕುಂತೈತಿ ಅದು!” ಎಂದು ಬಾಯಿ ಬಾಯಿ ಬಡಿದುಕೊಂಡಳು. ಪಾಸ್ಟರ ಮುಖ ಬಿಳಿಚಿತ್ತು, ಆದರೂ ಇಳಿಸಲು ಒಪ್ಪಲಿಲ್ಲ. ಹೆದರಿ ಇಳಿಸಿದರೆ ನಾವು ಕಾಯುವುದಾದರೂ ಏತಕ್ಕೆ ಎಂದರು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಟ್ಟಿಗೆ ಕೆಲಸದವನು, ನನಗೆ ಗೊತ್ತಿರುವುದು ಒಂದೇ, ಅಲುಗುವುದನ್ನು ಅಲುಗದಂತೆ ಮಾಡುವುದು.

ತೊಟ್ಟಿಲನ್ನು ಕಟ್ಟಿಬಿಟ್ಟೆ. ನಾರಿನ ಹಗ್ಗವನ್ನು ತೊಟ್ಟಿಲ ಮೈಗೆ ಎರಡು ಸುತ್ತು ಸುತ್ತಿ, ಎರಡೂ ಬದಿಯ ಗೋಡೆಯ ಗೂಟಕ್ಕೆ ಬಿಗಿದೆ. ಒಂದು ಮಾತು ಹೇಳಬೇಕು. ಆ ತೊಟ್ಟಿಲನ್ನು ನಾನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಆ ಸಂಜೆ ಹಗ್ಗ ಎಳೆಯುವಾಗ ಅದು ಮಕ್ಕಳು ಮಲಗಿದ ತೊಟ್ಟಿಲಿನಷ್ಟು ತೂಕವಾಗಿತ್ತು. ವಯಸ್ಸಾಯಿತು, ರಟ್ಟೆ ಸೋತಿದೆ ಎಂದುಕೊಂಡು ಜಗ್ಗಿ ಗಂಟು ಹಾಕಿದೆ. ತೊಟ್ಟಿಲು ನಿಂತಿತು. ಅತ್ತೆ ಕೈಮುಗಿದಳು. ಸೊಸೆ ಎದ್ದು ಹೋದಳು.

ಆ ರಾತ್ರಿ ಪಾಸ್ಟರ ಮನೆಯಲ್ಲೇ ಉಳಿದೆ. ಬೆಳಗ್ಗೆ ಹಲ್ಲು ತಿಕ್ಕುತ್ತಿರುವಾಗ ಸೊಸೆ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಹಿಂದೆ ಅತ್ತೆ.

“ಕಾಕಾ, ನೀವು ಕಟ್ಟಿದಾಗಿಂದ ನನ್ನ ಕೂಸು ಹೊರಳವಲ್ದರಿ.”

“ಚೊಲೋ ಆತಲ್ಲ, ಸುಮ್ನ ಮಲಗೈತಿ,” ಎಂದಳು ಅತ್ತೆ. “ಈಗ ಒಂದ್ ಗುಂಡಕಲ್ಲ ಹಾಕಿಬಿಟ್ರ ಮುಗೀತು.”

“ಮಲಗಿಲ್ಲರಿ ಅತ್ತೀ. ನನಗ ಗೊತ್ತಾಗತೈತಿ. ಇದು ಮಲಗಿದ್ದಲ್ಲ.”

ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. ಎರಡು ಸಲ ಹೀಗೆಯೇ ಆಗಿದ್ದನ್ನು ಕಂಡವಳು, ಮೂರನೆಯದನ್ನು ಹೇಳುತ್ತಿದ್ದಳು. ಅವಳ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಪಾಸ್ಟರು ಬೈಬಲ್ಲು ಕೈಗೆತ್ತಿಕೊಂಡು, “ಮೊದಲ ಎಲ್ಲಾರೂ ಕೂಡಿ ಪ್ರಾರ್ಥನಾ ಮಾಡೂಣು, ಆಮ್ಯಾಲೆ…” ಎಂದರು. ನನ್ನ ಸಿಟ್ಟು ನೆತ್ತಿಗೇರಿತು.

“ಪ್ರಾರ್ಥನಾ ಗಾಡ್ಯಾಗ ಮಾಡ್ರಿ! ಮೊದಲ ಟೆಂಪೋ ತರ್ರಿ ಹೋಗ್ರಿ!”

ಅಷ್ಟು ದೊಡ್ಡ ಧ್ವನಿಯಲ್ಲಿ ಯಾರೂ ಅವರಿಗೆ ಬೈದಿರಲಿಕ್ಕಿಲ್ಲ. ಚಪ್ಪಲಿ ಸಹ ಮೆಟ್ಟದೆ ಓಡಿದರು. ಗಾಡಿ ಬಂತು, ಆದರೆ ಸೊಸೆ ಹತ್ತಲೊಲ್ಲಳು. “ಮೊದಲ ಅದನ್ನ ಬಿಚ್ರಿ,” ಎಂದಳು. ಅತ್ತೆ ಬೇಡ ಎಂದು ನನ್ನ ತೋಳು ಹಿಡಿದಳು. ನಾನು ಕೊಡವಿಕೊಂಡು ಚರ್ಚಿನೊಳಗೆ ಓಡಿದೆ. ಗಂಟು ಬಿಗಿದಿತ್ತು, ಬಿಚ್ಚಲು ಬರಲಿಲ್ಲ. ಉಳಿಯಿಂದಲೇ ಹಗ್ಗ ಕತ್ತರಿಸಿದೆ.

ತೊಟ್ಟಿಲು ಅಲುಗಲಿಲ್ಲ. ಎದುರಿಗೆ ನಿಂತು ಕಾಯ್ದೆ, ತೂಗು, ತೂಗು ಎಂದು ಬಾಯಿಬಿಟ್ಟು ಹೇಳಿದೆ. ಹಿಂದಿನ ಸಂಜೆ ಯಾವುದನ್ನು ಕಂಡು ಜೀವ ಹೋಗಿತ್ತೋ, ಅದೇ ಈಗ ಬೇಕಾಗಿತ್ತು. ಕೊನೆಗೆ, ನಮ್ಮ ಮನೆತನದಲ್ಲಿ ಯಾರೂ ಮಾಡದ ಕೆಲಸ ಮಾಡಿದೆ. ಖಾಲಿ ತೊಟ್ಟಿಲನ್ನು ಕೈಯಾರೆ ತೂಗಿದೆ. ಅದು ಒಮ್ಮೆ ಹೋಗಿ ಬಂದು, ಎಣ್ಣೆಯಲ್ಲಿ ಮುಳುಗಿದ ಹಾಗೆ ತಡೆದು ನಿಂತುಬಿಟ್ಟಿತು. ಹೊರಗೆ ಬಂದು ಸುಳ್ಳು ಹೇಳಿದೆ.

“ತೂಗಾಕತ್ತೈತಿ, ತಂಗಿ. ಹತ್ತು ಗಾಡಿ.”

ಹುಕ್ಕೇರಿಯ ದವಾಖಾನೆಯ ದಾರಿಯುದ್ದಕ್ಕೂ ಅವಳ ತುಟಿಗಳು ಅಲುಗುತ್ತಿದ್ದವು. ಪ್ರಾರ್ಥನೆ ಇರಬೇಕು ಎಂದುಕೊಂಡೆ. ಒಮ್ಮೆ ಮಾತ್ರ, ಯಾರೋ ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ, “ಇನ್ನೊಂದೀಟ ತೂಗ್ರೆವ್ವಾ,” ಎಂದಿದ್ದು ಕೇಳಿಸಿತು. ಪಕ್ಕದಲ್ಲಿ ಗಾಡಿಯ ತಗಡು ಬಿಟ್ಟರೆ ಏನೂ ಇರಲಿಲ್ಲ.

ಹೆರಿಗೆ ದವಾಖಾನೆಯ ಡಾಕ್ಟರಬಾಯಿ ಹೊಟ್ಟೆಗೆ ಕೊಳವೆ ಹಚ್ಚಿ ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ನರ್ಸಿಗೆ ಕೈಸನ್ನೆ ಮಾಡಿ ಅವಳನ್ನು ಆಪರೇಷನ್ನಿಗೆ ಒಳಗೆ ಒಯ್ದರು. ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಪಾಸ್ಟರಿಗೆ ಪ್ರಾರ್ಥನೆಯ ಮಾತೇ ಬರಲಿಲ್ಲ, ಸುಮ್ಮನೆ ತಮ್ಮ ಬರಿಗಾಲು ನೋಡುತ್ತ ಕೂತಿದ್ದರು. “ನಿಮ್ಮ ಆಗಮನಾ ಅಂದ್ರ ಹಿಂಗ ಇರ್ತೈತೇನ್ರಿ?” ಎಂದು ಕೇಳಿದೆ. ಸಿಟ್ಟಿನಿಂದ ಅಲ್ಲ, ಖರೆ ತಿಳಿಯಬೇಕೆಂದೇ ಕೇಳಿದೆ.

“ಹಿಂಗ ಇರ್ತೈತಿ ಅಂತ ನನಗೂ ಗೊತ್ತಿರಲಿಲ್ಲರಿ,” ಎಂದರು ಅವರು.

ಡಾಕ್ಟರಬಾಯಿ ಹೊರಗೆ ಬಂದಾಗ ನಮ್ಮಲ್ಲಿ ಯಾರೂ ಏಳಲಿಲ್ಲ. ಏಳುವ ಧೈರ್ಯವಿರಲಿಲ್ಲ.

“ಗಂಡುಕೂಸು. ಮೊದಲ ಅಳಲಿಲ್ಲ, ಈಗ ಅತ್ತೈತಿ. ಹೊಕ್ಕಳ ಬಳ್ಳಿ ಕೊರಳಿಗಿ ಎರಡು ಸುತ್ತು ಬಿಗದಿತ್ರಿ. ಇನ್ನೊಂದೀಟ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ.”

ಅತ್ತೆ ನೆಲಕ್ಕೆ ಕುಸಿದು ಕೂತು ಅತ್ತಳು. ನಾನು ನನ್ನ ಅಂಗೈ ನೋಡಿಕೊಂಡೆ. ಹಗ್ಗ ಜಗ್ಗಿದ ಗೆರೆ ಇನ್ನೂ ಕೆಂಪಗಿತ್ತು. ಎರಡು ಸುತ್ತು ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಇವತ್ತಿಗೂ ಯಾವುದಕ್ಕಾದರೂ ಹಗ್ಗ ಸುತ್ತುವಾಗ ಎರಡಕ್ಕೆ ನಿಲ್ಲಿಸಲು ನನ್ನಿಂದಾಗುವುದಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಕೊಟ್ಟ ಮಾತಿನಂತೆ ಕೂಸಿನ ಗೊಂಬೆ ಒಯ್ದೆ. ನೇರಳೆ ಬಟ್ಟೆ ತೆಗೆದು ಬಿಳಿಯದು ಹಾಸಿದ್ದರು, ಹೂವು ಬಂದಿದ್ದವು, ಬಿಟ್ಟುಹೋಗಿದ್ದ ಜನರೆಲ್ಲ ತಿರುಗಿ ಬಂದಿದ್ದರು. ಅಲ್ಲಿಯೇ ಕೂತು ಕಣ್ಣು ಬರೆದು, ಗೊಂಬೆಯನ್ನು ತೊಟ್ಟಿಲಲ್ಲಿ ಮಲಗಿಸಿದೆ. ಎಲ್ಲರೂ ಹಾಡಿದರು. ನನ್ನ ಗಮನ ಸರಪಳಿಯ ಮೇಲೇ ಇತ್ತು. ಗೊಂಬೆ ಹೂವಿನಷ್ಟು ಹಗುರ, ಆದರೆ ಸರಪಳಿ ಬಿಗಿದು ನಿಂತ ರೀತಿ ಆ ಹಗುರಕ್ಕೆ ಹೊಂದುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹಬ್ಬದ ಹೊತ್ತಿನಲ್ಲಿ ಯಾರಿಗೆ ಹೇಳುವುದು?

ಹೊಸ ವರ್ಷದಲ್ಲಿ ಕ್ರಿಸ್ಮಸ್ಸಿನ ಅಲಂಕಾರ ಬಿಚ್ಚಿದ ಮೇಲೆ, ಸೊಸೆ ತನ್ನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಅದೇ ತೊಟ್ಟಿಲು ಬೇಕು ಎಂದಳಂತೆ. ಪಾಸ್ಟರು ಸಂತೋಷದಿಂದ ಕೊಟ್ಟರು. ಅವರ ಮನೆಯ ಪಡಸಾಲೆಯಲ್ಲಿ ಅದನ್ನು ಕಟ್ಟಿಕೊಡಲು ನಾನು ಹೋದೆ. ಈ ಸಲ ಕಲ್ಲನ್ನು ಮರೆಯಲಿಲ್ಲ. ಅತ್ತೆ ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿ, ಕುಂಕುಮದ ಬದಲು ಒಂದು ಹೂವಿಟ್ಟು, ಎತ್ತಿಕೊಂಡು ಬಂದಳು. ಹಗಲು ಹೊತ್ತು, ಮನೆ ತುಂಬ ಹೆಂಗಸರು, ನಗು, ಬಳೆ ಸದ್ದು.

“ಅತ್ತೀ, ತಡೀರಿ,” ಎಂದಳು ಸೊಸೆ.

ಮಗನನ್ನು ಪಕ್ಕದವಳ ಕೈಗೆ ಕೊಟ್ಟು, ತೊಟ್ಟಿಲ ಹಗ್ಗ ಹಿಡಿದು, ಖಾಲಿ ತೊಟ್ಟಿಲನ್ನು ತೂಗಿದಳು. ಹೆಂಗಸರು ಹೌಹಾರಿದರು. “ಏ ಹುಚ್ಚೀ, ಏನ ಮಾಡಾಕತ್ತೀ!” ಎಂದು ಅತ್ತೆ ಕೂಗಿದಳು. ಅವಳು ನಿಲ್ಲಿಸಲಿಲ್ಲ. ನಿಧಾನವಾಗಿ, ಒಂದು ಎಳೆತ, ಒಂದು ಬಿಡುವು. ಆ ತೂಗುವ ಲಯ ನಾನು ಕಂಡದ್ದೇ ಆಗಿತ್ತು.

“ಖಾಲಿ ಎಲ್ಲೈತ್ರಿ ಅತ್ತೀ? ನನ್ನ ಇಬ್ಬರೂ ಹೆಣ್ಣಮಕ್ಕಳು ಅದರಾಗ ಅದಾರ. ಅವರಿಗೆ ಯಾರ ತೊಟ್ಟಲಾ ಕಟ್ಟಿದ್ರಿ? ಒಬ್ಬಾಕೀಗರೆ ಕಟ್ಟಿದ್ರೇನು? ಇದು ಖಾಲಿ ಕಂಡಿತು, ಬಂದು ಮಲಗ್ಯಾರ.”

ಅವಳು ಬಗ್ಗಿ, ತೊಟ್ಟಿಲ ಅಂಚಿಗೆ ಗಲ್ಲ ಹಚ್ಚಿ ಮೆಲ್ಲಗೆ ಹೇಳಿದಳು.

“ಇಳೀರ್ರೆವ್ವಾ. ನಿಮ್ಮ ತಮ್ಮನ್ನ ಕಾಯ್ದು ಕೊಟ್ರಿ, ಸಾಕು. ಈಗ ಅವನ ಪಾಳಿ.”

ತೊಟ್ಟಿಲ ಸಮತೋಲ ನನಗೆ ಗೊತ್ತಿರುವಷ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ನಾನೊಬ್ಬನೇ ಕಂಡೆನೋ ಏನೋ. ತೊಟ್ಟಿಲಿನ ಒಂದು ಬದಿ ಸ್ವಲ್ಪ ಬಗ್ಗಿ ಮೇಲೆದ್ದಿತು. ಆಮೇಲೆ ಅದೇ ಬದಿ ಇನ್ನೊಮ್ಮೆ ಬಗ್ಗಿ ಮೇಲೆದ್ದಿತು. ಬಿಗಿದಿದ್ದ ಸರಪಳಿ ಸಡಿಲವಾಗಿ ಸದ್ದು ಮಾಡಿತು. ಹೆಂಗಸರು ತಮಗೇ ಗೊತ್ತಿಲ್ಲದೆ ಬಾಗಿಲವರೆಗೆ ದಾರಿ ಬಿಟ್ಟರು.

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಈಗ ಖಾಲಿ ಐತ್ರಿ ಕಾಕಾ,” ಎಂದಳು. “ಈಗ ನಿಮ್ಮ ಕಲ್ಲ ಇಡ್ರಿ.”